ಬ್ಯಾಡ್ಮಿಂಟನ್ ಡಬಲ್ಸ್: ಇಬ್ಬರ ಹೆಸರಲ್ಲಿ ನಡೆಯುವ ಒಂದು ವೃತ್ತಿ

ಬೆಂಗಳೂರಿನಲ್ಲಿ ಈಗ ಬ್ಯಾಡ್ಮಿಂಟನ್ ಕೋರ್ಟ್ ಇಲ್ಲದ ಬಡಾವಣೆ ಹುಡುಕುವುದು ಕಷ್ಟ. ಸಂಜೆಯಾದರೆ ತಗಡಿನ ಶೆಡ್ಡುಗಳ ಮುಂದೆ ಸ್ಕೂಟರ್ ಸಾಲು. ಮಕ್ಕಳನ್ನು ಕೋಚಿಂಗಿಗೆ ಬಿಟ್ಟು ಹೊರಗೆ ಫೋನ್ ನೋಡುತ್ತಾ ಕೂತ ಅಪ್ಪ ಅಮ್ಮಂದಿರಿಗೆ ಒಂದಲ್ಲ ಒಂದು ದಿನ ಕೋಚ್ ಬಂದು ಹೇಳುತ್ತಾರೆ: "ಇವನನ್ನ ಡಬಲ್ಸ್‌ಗೆ ಹಾಕೋಣ ಸಾರ್." ಕೇಳಿದವರ ಮುಖ ಸ್ವಲ್ಪ ಪೆಚ್ಚಾಗುತ್ತದೆ. ಅಂದ್ರೆ ಸಿಂಗಲ್ಸ್ ಆಡೋ ತಾಕತ್ತು ಇವನಿಗಿಲ್ಲ ಅಂತಾನಾ?

ಹಾಗನ್ನಿಸುವುದಕ್ಕೆ ಕಾರಣ ಇದೆ. ನಮಗೆ ಗೊತ್ತಿರುವ ಹೆಸರುಗಳೆಲ್ಲ ಸಿಂಗಲ್ಸ್‌ನವೇ. 1980ರಲ್ಲಿ ಆಲ್ ಇಂಗ್ಲೆಂಡ್ ಎಂಬ ದೊಡ್ಡ ಟೂರ್ನಿ ಗೆದ್ದ ಪ್ರಕಾಶ್ ಪಡುಕೋಣೆ, 2001ರಲ್ಲಿ ಗೆದ್ದ ಗೋಪಿಚಂದ್, ಆಮೇಲೆ ಸೈನಾ, ಸಿಂಧು. ಆದರೆ 2023ರಲ್ಲಿ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಮತ್ತು ಚಿರಾಗ್ ಶೆಟ್ಟಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದು ವಿಶ್ವದ ನಂಬರ್ 1 ಜೋಡಿಯಾದ ಮೇಲೆ ಲೆಕ್ಕ ಬದಲಾಗಿದೆ. ಡಬಲ್ಸ್ ಕೂಡ ಒಂದು ವೃತ್ತಿ ಅಂತ ಜನ ನೋಡತೊಡಗಿದ್ದಾರೆ. ಹಾಗಾದರೆ ಈ ವೃತ್ತಿ ನಡೆಯುವುದು ಹೇಗೆ, ಪಾಯಿಂಟ್ ಯಾರ ಹೆಸರಿಗೆ, ದುಡ್ಡು ಯಾರಿಗೆ, ಪಾರ್ಟ್ನರ್ ಬಿಟ್ಟು ಹೋದರೆ ಏನು ಗತಿ? ಮೊದಲಿಂದ ನೋಡೋಣ.

ಮೂರಡಿ ಅಗಲ ಜಾಸ್ತಿ, ಆಟವೇ ಬೇರೆ

ಸಿಂಗಲ್ಸ್ ಕೋರ್ಟಿನ ಅಗಲ 5.18 ಮೀಟರ್, ಡಬಲ್ಸ್‌ನದು 6.1 ಮೀಟರ್. ಎರಡು ಬದಿಗೂ ಒಂದೂವರೆ ಅಡಿ ಸೇರಿದೆ, ಅಷ್ಟೇ. ಉದ್ದ ಎರಡಕ್ಕೂ 13.4 ಮೀಟರ್. ಅಂದರೆ ಜಾಗ ಸ್ವಲ್ಪವೇ ಹೆಚ್ಚಾಗಿದೆ, ಆಡುವವರು ಮಾತ್ರ ದುಪ್ಪಟ್ಟಾಗಿದ್ದಾರೆ. ಹಾಗಾಗಿ ಸಿಂಗಲ್ಸ್‌ನಲ್ಲಿ ಎದುರಾಳಿಯನ್ನು ಮೂಲೆಯಿಂದ ಮೂಲೆಗೆ ಓಡಿಸಿ ಸುಸ್ತು ಮಾಡಿ ಗೆಲ್ಲುವ ದಾರಿ ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಖಾಲಿ ಜಾಗವೇ ಸಿಗುವುದಿಲ್ಲ. ಇಲ್ಲಿ ಬೇಕಿರುವುದು ವೇಗ, ಕೈಚಳಕ, ಮತ್ತು ಕಾಕ್ (ಶಟಲ್) ಯಾರದು ಅಂತ ಅರೆಕ್ಷಣದಲ್ಲಿ ತೀರ್ಮಾನಿಸುವ ಬುದ್ಧಿ.

ಟೇಬಲ್ ಟೆನಿಸ್ ಡಬಲ್ಸ್‌ನಲ್ಲಿ ಒಬ್ಬರಾದ ಮೇಲೆ ಒಬ್ಬರು ಹೊಡೆಯಲೇಬೇಕು ಎಂಬ ನಿಯಮವಿದೆ. ಬ್ಯಾಡ್ಮಿಂಟನ್‌ನಲ್ಲಿ ಅದಿಲ್ಲ. ಸರ್ವ್ ಮತ್ತು ಅದರ ವಾಪಸಾತಿ ಬಿಟ್ಟರೆ ಆಮೇಲೆ ತಮ್ಮ ಕಡೆಗೆ ಬಂದ ಕಾಕನ್ನು ಇಬ್ಬರಲ್ಲಿ ಯಾರು ಬೇಕಾದರೂ ಹೊಡೆಯಬಹುದು, ಪ್ರತಿ ಸಲ ಒಬ್ಬರೇ ಹೊಡೆದರೂ ಸರಿ. ಈ ಸ್ವಾತಂತ್ರ್ಯದಿಂದಲೇ ತಲೆನೋವೂ ಶುರುವಾಗುವುದು. ಇಬ್ಬರ ನಡುವೆ ಬಂದ ಕಾಕ್ ಇಬ್ಬರೂ ಬಿಟ್ಟು ನೆಲಕ್ಕೆ ಬೀಳುವುದು, ಇಲ್ಲವೇ ಇಬ್ಬರ ರ‍್ಯಾಕೆಟ್ಟೂ ಒಂದಕ್ಕೊಂದು ತಾಗಿ ಚಟ್ ಅನ್ನುವುದು, ಭಾನುವಾರ ಬೆಳಗ್ಗೆ ಆಡುವ ಎಲ್ಲರಿಗೂ ಗೊತ್ತಿರುವ ವಿಷಯವೇ.

ಮೊದಲ ಒಂದು ಸೆಕೆಂಡು

ಟಿವಿಯಲ್ಲಿ ಡಬಲ್ಸ್ ನೋಡುವಾಗ ಸ್ಮ್ಯಾಷ್ ಮೇಲೇ, ಅಂದರೆ ಮೇಲಿಂದ ಕೆಳಕ್ಕೆ ಜೋರಾಗಿ ಬಾರಿಸುವ ಹೊಡೆತದ ಮೇಲೇ ಎಲ್ಲರ ಕಣ್ಣು. ಸಾತ್ವಿಕ್ ಸ್ಮ್ಯಾಷ್ ಗಂಟೆಗೆ 565 ಕಿಲೋಮೀಟರ್ ವೇಗದ್ದು ಅಂತ 2023ರಲ್ಲಿ ಗಿನ್ನೆಸ್ ದಾಖಲೆಯೂ ಆಗಿದೆ. ಅದು ಪಂದ್ಯದಲ್ಲಿ ಹೊಡೆದದ್ದಲ್ಲ, ಜಪಾನಿನಲ್ಲಿ ಅದಕ್ಕೆಂದೇ ಸಿದ್ಧ ಮಾಡಿದ ಜಾಗದಲ್ಲಿ ಅಳೆದದ್ದು. ಆದರೆ ಪಂದ್ಯ ಬಹಳ ಸಲ ಅದಕ್ಕೂ ಮೊದಲೇ, ಸರ್ವ್‌ನಲ್ಲೇ ತೀರ್ಮಾನವಾಗಿರುತ್ತದೆ.

ಒಂದು ಸರ್ವ್ ಹತ್ತಿರದಿಂದ ನೋಡಿ. ಸರ್ವ್ ಮಾಡುವವನು ಮುಂದಿನ ಗೆರೆಗೆ ಹತ್ತಿರ ನಿಂತಿದ್ದಾನೆ. ಆ ಗೆರೆ ನೆಟ್‌ನಿಂದ 1.98 ಮೀಟರ್ ದೂರ. ಒಂದು ಕೈ ಬೆನ್ನ ಹಿಂದೆ ಹೋಗಿ ಬೆರಳಿನಲ್ಲಿ ಸನ್ನೆ ಮಾಡುತ್ತದೆ: ಸರ್ವ್ ಯಾವ ಕಡೆಗೆ, ಗಿಡ್ಡವೋ ಉದ್ದವೋ. ಹಿಂದೆ ಕಾಲಗಲಿಸಿ ನಿಂತ ಜೊತೆಗಾರ ಅದನ್ನು ಓದುತ್ತಾನೆ. ಆಮೇಲೆ ಆ ಕೈ ಮುಂದೆ ಬಂದು ಕಾಕಿನ ಗರಿಯನ್ನು ಎರಡು ಬೆರಳಲ್ಲಿ ಹಿಡಿಯುತ್ತದೆ. ಹೊಡೆಯುವ ಹೊತ್ತಿಗೆ ಇಡೀ ಕಾಕ್ ನೆಲದಿಂದ 1.15 ಮೀಟರಿಗಿಂತ ಕೆಳಗಿರಬೇಕು. ನೆಟ್ಟೋ ಮಧ್ಯದಲ್ಲಿ 1.52 ಮೀಟರ್ ಎತ್ತರ. ಹಾಗಾಗಿ ಕಾಕ್ ಮೇಲಕ್ಕೆ ಏರಲೇಬೇಕು. ಎದುರಿಗೆ ನಿಂತವನು ಗೆರೆಗೆ ತಾಗದಂತೆ ಅದರ ಹತ್ತಿರವೇ ಕಾಲಿಟ್ಟು, ರ‍್ಯಾಕೆಟ್ ತಲೆ ಮೇಲೆ ಎತ್ತಿ ಕಾಯುತ್ತಿದ್ದಾನೆ. ನೆಟ್ ಮೇಲೆ ನಾಲ್ಕು ಬೆರಳು ಜಾಸ್ತಿ ಎದ್ದರೂ ಸಾಕು, ಅವನು ಹಾರಿ ಬಂದು ಮುಖಕ್ಕೇ ಬಾರಿಸುತ್ತಾನೆ.

ಎತ್ತಿ ಹಿಂದಕ್ಕೆ ಹಾಕಬಹುದಲ್ವಾ ಅಂದರೆ, ಅದಕ್ಕೂ ತಡೆ ಇದೆ. ಡಬಲ್ಸ್‌ನಲ್ಲಿ ಸರ್ವ್ ಬೀಳಬೇಕಾದ ಜಾಗ ಹಿಂದಿನ ಗೆರೆಗಿಂತ 76 ಸೆಂಟಿಮೀಟರ್ ಒಳಗೇ ಮುಗಿಯುತ್ತದೆ. ಎತ್ತರದ ಸರ್ವ್ ಹಾಕಿದರೆ ಸ್ಮ್ಯಾಷ್ ಮಾಡು ಅಂತ ಕಾಕನ್ನು ಕೈಗೆ ಕೊಟ್ಟಂತೆಯೇ. ಅದಕ್ಕೇ ಡಬಲ್ಸ್‌ನಲ್ಲಿ ಸರ್ವ್ ಸಿಗುವುದು ಲಾಭವಲ್ಲ, ಹೊರೆ. ಟೆನಿಸ್ ನೋಡಿ ಅಭ್ಯಾಸ ಇರುವವರಿಗೆ ಇದು ಉಲ್ಟಾ ಅನ್ನಿಸುತ್ತದೆ. ವೃತ್ತಿಪರರು ಈ ಒಂದು ಗಿಡ್ಡ ಸರ್ವನ್ನೇ ದಿನಗಟ್ಟಲೆ ಅಭ್ಯಾಸ ಮಾಡುವುದು ಇದೇ ಕಾರಣಕ್ಕೆ. ಸ್ಕೋರ್ 20-20ಕ್ಕೆ ಬಂದಾಗ ಕೈ ನಡುಗದ ಹಾಗೆ ಅದೇ ಸರ್ವ್ ಹಾಕುವುದಿದೆಯಲ್ಲ, ಎಂಥ ಸ್ಮ್ಯಾಷಿಗಿಂತಲೂ ಕಷ್ಟದ ಕೆಲಸ ಅದು ಅಂತ ನನ್ನ ಅಭಿಪ್ರಾಯ.

ಯಾರು ಎಲ್ಲಿ ನಿಲ್ಲಬೇಕು?

ಸೂತ್ರ ಸರಳ. ಹೊಡೆಯುವಾಗ ಹಿಂದೆ ಒಬ್ಬ, ಮುಂದೆ ಒಬ್ಬ. ತಡೆಯುವಾಗ ಇಬ್ಬರೂ ಅಕ್ಕಪಕ್ಕ. ಹಿಂದಿನವನು ಸ್ಮ್ಯಾಷ್ ಮಾಡುತ್ತಾನೆ, ಅದಕ್ಕೆ ಎದುರಾಳಿ ಕೊಟ್ಟ ಅರೆಬರೆ ಉತ್ತರವನ್ನು ನೆಟ್ ಬಳಿ ಇರುವವನು ಮುಗಿಸುತ್ತಾನೆ. ತಾವು ಹೊಡೆದ ಕಾಕ್ ಮೇಲಕ್ಕೆದ್ದಿತು ಅಂದ ತಕ್ಷಣ ಇಬ್ಬರೂ ಅಕ್ಕಪಕ್ಕಕ್ಕೆ ಸರಿಯುತ್ತಾರೆ. ಒಂದೇ ರ‍್ಯಾಲಿಯಲ್ಲಿ ಈ ಅದಲುಬದಲು ಹಲವು ಸಲ ಆಗುತ್ತದೆ. ಹೇಳಿ ಮಾಡುವಷ್ಟು ಪುರುಸೊತ್ತು ಇರುವುದಿಲ್ಲ. ಜೊತೆಗಾರನ ಕಾಲಿನ ಸದ್ದು ಕೇಳಿಯೇ ಅವನು ಎಲ್ಲಿಗೆ ಹೋದ ಅಂತ ತಿಳಿಯಬೇಕು. ಇದಕ್ಕೇ ಒಟ್ಟಿಗೆ ಆಡಿ ಪಳಗುವುದಕ್ಕೆ ವರ್ಷಗಳೇ ಬೇಕು ಅನ್ನುವುದು.

ಜೋಡಿ ಕೂಡಿಸುವಾಗ ಕೋಚ್‌ಗಳು ಸಾಮಾನ್ಯವಾಗಿ ಒಬ್ಬ ಹಿಂದಿನಿಂದ ಹೊಡೆಯುವವನು, ಒಬ್ಬ ನೆಟ್ ಬಳಿ ಚುರುಕಾದವನು ಇರಲಿ ಅಂತ ನೋಡುತ್ತಾರೆ. ಎಡಗೈಯವರು ಸಿಕ್ಕರಂತೂ ಹಬ್ಬ. ಅಶ್ವಿನಿ ಪೊನ್ನಪ್ಪ ಬಲಗೈ, ಅವರ ಮೊದಲ ದೊಡ್ಡ ಜೊತೆಗಾರ್ತಿ ಜ್ವಾಲಾ ಗುಟ್ಟಾ ಎಡಗೈ. ಎಡಗೈಯವರು ಬಲ ಅರ್ಧದಲ್ಲಿ, ಬಲಗೈಯವರು ಎಡ ಅರ್ಧದಲ್ಲಿ ನಿಂತರೆ ಇಬ್ಬರ ಫೋರ್‌ಹ್ಯಾಂಡೂ ನಡುಮಧ್ಯಕ್ಕೆ ಬರುತ್ತದೆ. ಅಲ್ಲಿ ಹೊಡೆದು ಪಾಯಿಂಟ್ ಕದಿಯುವುದು ಎದುರಾಳಿಗೆ ಕಷ್ಟ.

ಆದರೆ ಸೂತ್ರ ಮುರಿದೂ ಗೆಲ್ಲಬಹುದು. ಆಂಧ್ರದ ಅಮಲಾಪುರಂನ ಸಾತ್ವಿಕ್, ಮುಂಬೈಯಲ್ಲಿ ಹುಟ್ಟಿ ಬೆಳೆದ ತುಳು ಮನೆತನದ ಚಿರಾಗ್, ಇಬ್ಬರೂ ಉದ್ದುದ್ದ ಆಸಾಮಿಗಳು, ಇಬ್ಬರೂ ಹಿಂದೆ ನಿಂತು ಬಾರಿಸುವವರೇ. ಆಗ ಭಾರತಕ್ಕೆ ಡಬಲ್ಸ್ ಕೋಚ್ ಆಗಿ ಬಂದಿದ್ದ ಮಲೇಷ್ಯಾದ ತಾನ್ ಕಿಮ್ ಹರ್ ಇವರನ್ನು ಒಟ್ಟಿಗೆ ಹಾಕಿದರು. ನೆಟ್ ಆಟವನ್ನು ಆಮೇಲೆ ಕಲಿಸಿದರು. ಫಲ ಕಾಣಲು ವರ್ಷಗಳು ಹಿಡಿದವು: 2019ರಲ್ಲಿ ಥಾಯ್ಲೆಂಡ್ ಓಪನ್, 2022ರಲ್ಲಿ ಪುರುಷರ ತಂಡಗಳ ಥಾಮಸ್ ಕಪ್, 2023ರಲ್ಲಿ ಇಂಡೋನೇಷ್ಯಾ ಓಪನ್.

ಪಾಯಿಂಟ್ ಯಾರ ಹೆಸರಿಗೆ?

ಇಲ್ಲಿಂದ ವಿಷಯ ನಿಜಕ್ಕೂ ಬಿಗಿಯಾಗುತ್ತದೆ.

ವಿಶ್ವ ಬ್ಯಾಡ್ಮಿಂಟನ್ ಫೆಡರೇಷನ್ನಿನ ಟೂರ್ನಿಗಳಿಗೆ ದರ್ಜೆ ಇದೆ. ವರ್ಷವಿಡೀ ನಡೆಯುವ ಮಾಮೂಲಿ ಟೂರ್ನಿಗಳಲ್ಲಿ ಸೂಪರ್ 1000 ಎಲ್ಲಕ್ಕಿಂತ ಮೇಲೆ, ಆಮೇಲೆ 750, 500, 300, 100. ಅದಕ್ಕೂ ಕೆಳಗೆ ಇಂಟರ್‌ನ್ಯಾಷನಲ್ ಚಾಲೆಂಜ್, ಸೀರೀಸ್ ಎಂಬ ಸಣ್ಣ ಟೂರ್ನಿಗಳು. ಸೂಪರ್ 1000 ಗೆದ್ದರೆ 12,000 ಪಾಯಿಂಟ್, ಸೂಪರ್ 100 ಗೆದ್ದರೆ 5,500. ಹಿಂದಿನ 52 ವಾರಗಳಲ್ಲಿ ಆಡಿದ್ದರಲ್ಲಿ ಅತ್ಯುತ್ತಮ ಹತ್ತು ಫಲಿತಾಂಶ ಕೂಡಿಸಿ ರ‍್ಯಾಂಕಿಂಗ್ ಮಾಡುತ್ತಾರೆ. ರ‍್ಯಾಂಕಿಂಗ್ ಚೆನ್ನಾಗಿದ್ದರೆ ದೊಡ್ಡ ಟೂರ್ನಿಗೆ ನೇರ ಪ್ರವೇಶ. ಇಲ್ಲದಿದ್ದರೆ ಸಣ್ಣ ಟೂರ್ನಿಗಳಲ್ಲಿ ಊರೂರು ಅಲೆದು ಪಾಯಿಂಟ್ ಕೂಡಿಹಾಕಬೇಕು.

ಸಿಂಗಲ್ಸ್‌ನಲ್ಲಿ ಈ ಪಾಯಿಂಟ್ ಆಟಗಾರನ ಸ್ವಂತ ಆಸ್ತಿ. ಡಬಲ್ಸ್‌ನ ಪಟ್ಟಿಯಲ್ಲಿ ಅದು ಜೋಡಿಯ ಹೆಸರಿನಲ್ಲಿರುತ್ತದೆ. ಇಬ್ಬರೂ ಬಂದು ಸಹಿ ಹಾಕಿದರೆ ಮಾತ್ರ ಹಣ ಕೊಡುವ ಜಂಟಿ ಖಾತೆ ಇರುತ್ತದಲ್ಲ, ಹಾಗೆ. ಒಬ್ಬರು ಎದ್ದು ಹೋದರೆ ಇನ್ನೊಬ್ಬರು ಹೊಸ ಜೊತೆಗಾರರೊಂದಿಗೆ ಹೊಸ ಖಾತೆಯನ್ನೇ ತೆರೆಯಬೇಕು. ಅದರಲ್ಲಿ ಮೊದಲ ದಿನ ಇರುವುದು ಸೊನ್ನೆ. ಹತ್ತು ವರ್ಷದ ಅನುಭವ, ಪದಕ, ಹೆಸರು ಯಾವುದೂ ಆ ಸಾಲಿನಲ್ಲಿ ಕಾಣುವುದಿಲ್ಲ.

ಅಶ್ವಿನಿ ಪೊನ್ನಪ್ಪ: ಮೂವರು ಜೊತೆಗಾರ್ತಿಯರು

ಇದು ಅರ್ಥವಾಗಬೇಕಾದರೆ ಬೆಂಗಳೂರಿನಲ್ಲಿ ಹುಟ್ಟಿದ ಕೊಡಗಿನ ಅಶ್ವಿನಿ ಪೊನ್ನಪ್ಪ ಅವರ ವೃತ್ತಿ ನೋಡಬೇಕು.

ಜ್ವಾಲಾ ಜೊತೆ ಅವರು 2010ರ ದೆಹಲಿ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು. 2011ರಲ್ಲಿ ಲಂಡನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಕಂಚು. 1983ರಲ್ಲಿ ಪ್ರಕಾಶ್ ಪಡುಕೋಣೆ ಕಂಚು ತಂದ ಮೇಲೆ ಭಾರತಕ್ಕೆ ಆ ಟೂರ್ನಿಯಲ್ಲಿ ಸಿಕ್ಕ ಮೊದಲ ಪದಕ ಅದು. ನಡುವೆ ಇಪ್ಪತ್ತೆಂಟು ವರ್ಷ! ಈ ಸಾಧನೆ ಎಷ್ಟು ಜನಕ್ಕೆ ನೆನಪಿದೆಯೋ ಗೊತ್ತಿಲ್ಲ, ಇರಬೇಕಾದಷ್ಟಂತೂ ಇಲ್ಲ. 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಬೆಳ್ಳಿ, 2016ರಲ್ಲಿ ರಿಯೊ ಒಲಿಂಪಿಕ್ಸ್. ಅಲ್ಲಿಗೆ ಆ ಜೋಡಿಯ ಕಾಲ ಮುಗಿಯಿತು.

ಎರಡನೆಯವರು ಸಿಕ್ಕಿ ರೆಡ್ಡಿ. ಅವರೊಂದಿಗೆ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಕಂಚು. ಅದೇ ಗೇಮ್ಸ್‌ನ ಮಿಶ್ರ ತಂಡ ಫೈನಲ್‌ನಲ್ಲಿ ಹದಿಹರೆಯದ ಸಾತ್ವಿಕ್ ಜೊತೆ ಮಿಕ್ಸೆಡ್ ಡಬಲ್ಸ್ ಆಡಿ ಮಲೇಷ್ಯಾದ ಬಲವಾದ ಜೋಡಿಯನ್ನು ಸೋಲಿಸಿದರು, ಭಾರತಕ್ಕೆ ಚಿನ್ನ ಬಂತು. ಡಬಲ್ಸ್ ಆಟಗಾರರಿಗೆ ಇದೊಂದು ಅನುಕೂಲ: ಮಿಕ್ಸೆಡ್ ಎಂಬ ಎರಡನೇ ಬಾಗಿಲು ತೆರೆದಿರುತ್ತದೆ. ಎರಡನ್ನೂ ಒಂದೇ ಟೂರ್ನಿಯಲ್ಲಿ ಆಡಿದರೆ ಮೈ ಹಣ್ಣಾಗುತ್ತದೆ, ಅದು ಬೇರೆ ಮಾತು.

2023ರಲ್ಲಿ ಅಶ್ವಿನಿಗೆ ಮೂವತ್ತು ದಾಟಿ ಮೂರು ವರ್ಷ. ಆಗ ತಮಗಿಂತ ಸುಮಾರು 14 ವರ್ಷ ಚಿಕ್ಕವರಾದ ತನಿಷಾ ಕ್ರಾಸ್ಟೊ ಜೊತೆ ಹೊಸ ಜೋಡಿ. ಅಂದರೆ ಹೊಸ ಖಾತೆ. ವಿಶ್ವ ಪದಕ ಗೆದ್ದಾಕೆ ಸಣ್ಣ ಟೂರ್ನಿಗಳಿಗೆ ಮತ್ತೆ ಹೊರಟರು. ಫ್ರಾನ್ಸಿನ ನಾಂತ್‌ನಲ್ಲಿ ನಡೆದ ಚಾಲೆಂಜ್ ಟೂರ್ನಿ ಗೆದ್ದರು, ಅಬುಧಾಬಿಯಲ್ಲಿ ಮತ್ತು ಗುವಾಹಟಿಯಲ್ಲಿ ಸೂಪರ್ 100 ಗೆದ್ದರು, ಲಖನೌದ ಸೈಯದ್ ಮೋದಿ ಟೂರ್ನಿಯಲ್ಲಿ ಫೈನಲ್ ತಲುಪಿದರು. ಆ ಹೊತ್ತಿಗೆ ಭಾರತದ ಮುಂಚೂಣಿ ಜೋಡಿ ಟ್ರೀಸಾ ಜಾಲಿ ಮತ್ತು ಗಾಯತ್ರಿ ಗೋಪಿಚಂದ್. ಅವರು 2022 ಮತ್ತು 2023ರಲ್ಲಿ ಸತತವಾಗಿ ಆಲ್ ಇಂಗ್ಲೆಂಡ್ ಸೆಮಿಫೈನಲ್ ಆಡಿದ್ದವರು. ಆದರೂ 2024ರ ಏಪ್ರಿಲ್ ಕೊನೆಗೆ ಲೆಕ್ಕ ಮುಗಿದಾಗ ಪ್ಯಾರಿಸ್ ಒಲಿಂಪಿಕ್ಸ್ ಟಿಕೆಟ್ ಸಿಕ್ಕಿದ್ದು ಅಶ್ವಿನಿ–ತನಿಷಾಗೆ.

ಪ್ಯಾರಿಸ್‌ನಲ್ಲಿ ಮೂರೂ ಪಂದ್ಯ ಸೋತರು. ಇದೇ ತನ್ನ ಕೊನೆಯ ಒಲಿಂಪಿಕ್ಸ್ ಅಂತ ಅಶ್ವಿನಿ ಕಣ್ಣೀರು ಹಾಕಿಕೊಂಡೇ ಹೇಳಿದರು.

ಒಲಿಂಪಿಕ್ಸ್ ಬಾಗಿಲು ಯಾಕಷ್ಟು ಕಿರಿದು?

ಒಲಿಂಪಿಕ್ಸ್‌ನ ಪ್ರತಿ ಡಬಲ್ಸ್ ವಿಭಾಗದಲ್ಲಿ ಆಡುವುದು ಹದಿನಾರು ಜೋಡಿ ಮಾತ್ರ. ಒಂದು ದೇಶದಿಂದ ಎರಡು ಜೋಡಿ ಹೋಗಬೇಕಾದರೆ ಎರಡೂ ವಿಶ್ವದ ಮೊದಲ ಎಂಟರಲ್ಲಿರಬೇಕು. ಇಲ್ಲದಿದ್ದರೆ ಒಂದೇ. ಹಾಗಾಗಿ ನಿಮ್ಮ ಮೊದಲ ಎದುರಾಳಿ ಚೀನಾದವರಲ್ಲ, ಕೊರಿಯಾದವರಲ್ಲ, ರಾಷ್ಟ್ರೀಯ ಶಿಬಿರದಲ್ಲಿ ಪಕ್ಕದ ಕೋರ್ಟಿನಲ್ಲಿ ಅಭ್ಯಾಸ ಮಾಡುವವರೇ.

ಒಳಗೆ ಹೋದರೂ ನಾಲ್ಕು ಜೋಡಿಗಳ ಗುಂಪು, ಅದರಿಂದ ಎರಡು ಜೋಡಿಯಷ್ಟೇ ಮುಂದಕ್ಕೆ. ಈ ಗುಂಪಿನ ಲೆಕ್ಕ ಭಾರತವನ್ನು ಎರಡು ಸಲ ಸುಟ್ಟಿದೆ. 2012ರಲ್ಲಿ ಲಂಡನ್‌ನಲ್ಲಿ ಜ್ವಾಲಾ–ಅಶ್ವಿನಿ ಮೂರರಲ್ಲಿ ಎರಡು ಪಂದ್ಯ ಗೆದ್ದೂ ಒಂದೇ ಒಂದು ಪಾಯಿಂಟ್ ವ್ಯತ್ಯಾಸದಿಂದ ಹೊರಬಿದ್ದರು. ಅದೇ ಒಲಿಂಪಿಕ್ಸ್‌ನಲ್ಲಿ ಮುಂದಿನ ಸುತ್ತಿನಲ್ಲಿ ಸುಲಭದ ಎದುರಾಳಿ ಸಿಗಲಿ ಅಂತ ಬೇಕೆಂದೇ ಸೋಲಲು ನೋಡಿದ ನಾಲ್ಕು ಮಹಿಳಾ ಜೋಡಿಗಳನ್ನು ಅನರ್ಹಗೊಳಿಸಲಾಯಿತು. ಆಗ ಅನರ್ಹರಾದ ಇಂಡೋನೇಷ್ಯಾದ ಗ್ರೇಷಿಯಾ ಪೋಲಿ ಮುಂದೆ ಬೇರೆ ಜೊತೆಗಾರ್ತಿಯೊಂದಿಗೆ ಟೋಕಿಯೊದಲ್ಲಿ ಚಿನ್ನ ಗೆದ್ದರು.

ಎರಡನೇ ಸಲ ಅದೇ ಟೋಕಿಯೊದಲ್ಲಿ. ಸಾತ್ವಿಕ್–ಚಿರಾಗ್ ತಮ್ಮ ಗುಂಪಿನಲ್ಲಿ ತೈವಾನ್‌ನ ಲೀ ಯಾಂಗ್ ಮತ್ತು ವಾಂಗ್ ಚಿ-ಲಿನ್ ಅವರನ್ನು ಕೊನೆಯ ಗೇಮ್ 27-25ರಲ್ಲಿ ಸೋಲಿಸಿದರು. ಮೂರು ಜೋಡಿ ತಲಾ ಎರಡು ಪಂದ್ಯ ಗೆದ್ದು ಸಮಸಮ. ಗೆದ್ದ ಗೇಮ್‌ಗಳ ಲೆಕ್ಕದಲ್ಲಿ ನಮ್ಮವರು ಮನೆಗೆ. ಇವರ ಕೈಲಿ ಸೋತ ಲೀ–ವಾಂಗ್ ಜೋಡಿ ಚಿನ್ನ ಗೆದ್ದಿತು.

ದುಡ್ಡಿನ ಲೆಕ್ಕ

ಬಹುಮಾನದ ಹಂಚಿಕೆ ಹೀಗಿದೆ: ಟೂರ್ನಿಯ ಒಟ್ಟು ಮೊತ್ತದಲ್ಲಿ ಸಿಂಗಲ್ಸ್ ಗೆದ್ದವರಿಗೆ ಶೇ 7, ಡಬಲ್ಸ್ ಗೆದ್ದ ಜೋಡಿಗೆ ಶೇ 7.4. ಕೇಳಲು ಡಬಲ್ಸ್‌ಗೇ ಜಾಸ್ತಿ ಅನ್ನಿಸುತ್ತದೆ. ಆದರೆ ಅದು ಇಬ್ಬರಿಗೆ. 2025ರ ಇಂಡೋನೇಷ್ಯಾ ಓಪನ್‌ನ ಒಟ್ಟು ಮೊತ್ತ 14.5 ಲಕ್ಷ ಡಾಲರ್. ಸಿಂಗಲ್ಸ್ ಚಾಂಪಿಯನ್ನಿಗೆ 1,01,500 ಡಾಲರ್. ಡಬಲ್ಸ್ ಜೋಡಿಗೆ 1,07,300, ಅಂದರೆ ತಲೆಗೆ 53,650. ಅಷ್ಟೇ ಸುತ್ತು ಗೆದ್ದು, ಅಷ್ಟೇ ಬೆವರು ಹರಿಸಿ, ಹೆಚ್ಚುಕಡಿಮೆ ಅರ್ಧ ಸಂಪಾದನೆ. ಅದೂ ಗೆದ್ದರೆ. ಮೊದಲ ಸುತ್ತಲ್ಲೇ ಸೋತವರಿಗೆ ಸಿಗುವುದು ಇದರ ಸಣ್ಣ ಚೂರು. ವಿಮಾನ, ಹೋಟೆಲ್, ಫಿಸಿಯೋ, ದಿನಾ ಹರಿಯುವ ಗಟ್ಟಿಂಗ್ (ರ‍್ಯಾಕೆಟ್ಟಿನ ದಾರ), ಡಬ್ಬಿಗಟ್ಟಲೆ ಗರಿಯ ಕಾಕ್ ಇವಕ್ಕೆಲ್ಲ ಬೇರೆಲ್ಲಿಂದಲೋ ಬರಬೇಕು.

ಹಾಗಾಗಿ ಭಾರತದಲ್ಲಿ ಅನೇಕ ಆಟಗಾರರಿಗೆ ಆಧಾರ ಕ್ರೀಡಾ ಕೋಟಾದ ನೌಕರಿ. ರೈಲ್ವೆ, ತೈಲ ಕಂಪನಿಗಳು ಆಟಗಾರರನ್ನು ನೌಕರಿಗೆ ತೆಗೆದುಕೊಳ್ಳುತ್ತವೆ. ಒಲಿಂಪಿಕ್ಸ್ ಆಸೆ ಇರುವವರಿಗೆ ಕೇಂದ್ರ ಸರ್ಕಾರದ ಟಾಪ್ಸ್ ಯೋಜನೆಯ ನೆರವಿದೆ. ರ‍್ಯಾಕೆಟ್ ಕಂಪನಿಗಳ ಪ್ರಾಯೋಜಕತ್ವ ಮೇಲಿನ ಕೆಲವರಿಗಷ್ಟೇ.

ಡಬಲ್ಸ್‌ನವರ ಬೆಲೆ ಯಾರದೋ ಒಂದು ತೀರ್ಮಾನಕ್ಕೆ ಹೇಗೆ ಕುಸಿಯುತ್ತದೆ ಅನ್ನುವುದಕ್ಕೆ 2013ರ ಇಂಡಿಯನ್ ಬ್ಯಾಡ್ಮಿಂಟನ್ ಲೀಗ್ ನೋಡಿ. ಜ್ವಾಲಾ, ಅಶ್ವಿನಿ ಇಬ್ಬರೂ 50,000 ಡಾಲರ್ ಮೂಲ ಬೆಲೆಯ ಐಕಾನ್ ಆಟಗಾರ್ತಿಯರಾಗಿದ್ದರು. ಆದರೆ ಲೀಗ್‌ನಿಂದ ಮಹಿಳಾ ಡಬಲ್ಸನ್ನೇ ಕೈಬಿಟ್ಟು ಇನ್ನೊಂದು ಪುರುಷರ ಸಿಂಗಲ್ಸ್ ಸೇರಿಸಲಾಯಿತು. ಹರಾಜಿನ ಹೊತ್ತಿಗೆ ಇಬ್ಬರ ಮೂಲ ಬೆಲೆ 25,000ಕ್ಕೆ ಇಳಿದಿತ್ತು. ಆಟ ಕೆಟ್ಟಿರಲಿಲ್ಲ, ಆಡುವ ವಿಭಾಗವೇ ಮಾಯವಾಗಿತ್ತು.

ಮೊಣಕಾಲು ನಿನ್ನದು, ಸೋಲು ಇಬ್ಬರದ್ದು

ವಿಶ್ವದ ಮೊದಲ ಹತ್ತು ಜೋಡಿಗಳಿಗೆ ವಿಶ್ರಾಂತಿಯೂ ಸುಲಭವಲ್ಲ. ನಾಲ್ಕು ಸೂಪರ್ 1000, ಆರು ಸೂಪರ್ 750 ಟೂರ್ನಿಗಳನ್ನು ಅವರು ಆಡಲೇಬೇಕೆಂಬ ನಿಯಮವಿದೆ, ಸರಿಯಾದ ಕಾರಣ ಇಲ್ಲದೆ ತಪ್ಪಿಸಿದರೆ ದಂಡ. ಜನವರಿಯಲ್ಲಿ ಮಲೇಷ್ಯಾ, ದೆಹಲಿ, ಮಾರ್ಚ್‌ನಲ್ಲಿ ಬರ್ಮಿಂಗ್‌ಹ್ಯಾಮ್, ಬೇಸಿಗೆ ಮುಗಿಯುವ ಹೊತ್ತಿಗೆ ಸಿಂಗಪುರ, ಜಕಾರ್ತ, ಆಮೇಲೆ ಜಪಾನ್, ಚೀನಾ, ಚಳಿ ಶುರುವಾದಾಗ ಡೆನ್ಮಾರ್ಕ್, ಫ್ರಾನ್ಸ್. ಈ ಓಡಾಟದಲ್ಲಿ ಭುಜ, ಬೆನ್ನು, ಮೊಣಕಾಲು ಮೂರರಲ್ಲಿ ಒಂದು ಕೈಕೊಟ್ಟೇ ಕೊಡುತ್ತದೆ. ಸಾತ್ವಿಕ್‌ಗೆ ಭುಜ, ಚಿರಾಗ್‌ಗೆ ಬೆನ್ನು. 2025ರ ಆಲ್ ಇಂಗ್ಲೆಂಡ್‌ನಲ್ಲಿ ಚಿರಾಗ್ ಬೆನ್ನುನೋವಿನಿಂದ ಪಂದ್ಯ ಅರ್ಧಕ್ಕೇ ಬಿಡಬೇಕಾಯಿತು. ಸಾತ್ವಿಕ್ ಗಟ್ಟಿಮುಟ್ಟಾಗಿದ್ದರೂ ಬ್ಯಾಗ್ ಹೆಗಲಿಗೇರಿಸಿ ಹೊರನಡೆಯಬೇಕಾಯಿತು.

ಇಷ್ಟೆಲ್ಲ ಇದ್ದರೂ ಡಬಲ್ಸ್‌ಗೆ ಒಂದು ದೊಡ್ಡ ಲಾಭವಿದೆ, ಆಯುಸ್ಸು ಜಾಸ್ತಿ. ಕೋರ್ಟ್ ಹಂಚಿಕೊಂಡು ಓಡುವುದರಿಂದ, ಕಾಲಿಗಿಂತ ಕಣ್ಣು ಮತ್ತು ಮಣಿಕಟ್ಟಿನ ಕೆಲಸ ಹೆಚ್ಚಿರುವುದರಿಂದ ಮೂವತ್ತು ದಾಟಿದ ಮೇಲೂ ಆಡಬಹುದು. ಇಂಡೋನೇಷ್ಯಾದ ಹೆಂದ್ರ ಸೆತಿಯವಾನ್ 2008ರಲ್ಲಿ ಮಾರ್ಕಿಸ್ ಕಿಡೊ ಜೊತೆ ಒಲಿಂಪಿಕ್ ಚಿನ್ನ ಗೆದ್ದರು. ಆಮೇಲೆ ಮೊಹಮ್ಮದ್ ಅಹ್ಸಾನ್ ಜೊತೆ ಮೂರು ವಿಶ್ವ ಪ್ರಶಸ್ತಿ. ಅದರಲ್ಲಿ ಕೊನೆಯದನ್ನು 2019ರ ಆಗಸ್ಟ್ 25ರಂದು ಬಾಸೆಲ್‌ನಲ್ಲಿ ಗೆದ್ದ ದಿನ ಅವರಿಗೆ ಸರಿಯಾಗಿ 35 ತುಂಬಿತ್ತು. ಅವರು ರ‍್ಯಾಕೆಟ್ ಕೆಳಗಿಟ್ಟಿದ್ದು 2025ರಲ್ಲಿ.

ಆಮೇಲೇನು?

ಹೆಚ್ಚಿನವರು ಕೋಚ್ ಆಗುತ್ತಾರೆ. ಡಬಲ್ಸ್ ಅರ್ಥವಾಗುವ ಕೋಚ್‌ಗಳಿಗೆ ಬೇಡಿಕೆ ಇದೆ. 2012ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಡೆನ್ಮಾರ್ಕ್‌ನ ಮಥಾಯಸ್ ಬೋ ಪ್ಯಾರಿಸ್‌ವರೆಗೆ ಸಾತ್ವಿಕ್–ಚಿರಾಗ್ ಅವರ ಕೋಚ್ ಆಗಿದ್ದರು. ಜ್ವಾಲಾ ಗುಟ್ಟಾ ಹೈದರಾಬಾದ್ ಬಳಿ ಅಕಾಡೆಮಿ ನಡೆಸುತ್ತಾರೆ. ಪುರುಷರ ಡಬಲ್ಸ್‌ನಲ್ಲಿ ರಿಯೊ ಒಲಿಂಪಿಕ್ಸ್ ಆಡಿದ್ದ ಸುಮಿತ್ ರೆಡ್ಡಿ 2025ರಲ್ಲಿ ನಿವೃತ್ತರಾಗಿ ಕೋಚಿಂಗ್ ಕಡೆ ಹೊರಳಿದರು.

ಎಲ್ಲರಿಗಿಂತ ಬೇರೆ ದಾರಿ ಹಿಡಿದವರು ಟೋಕಿಯೊ ಚಿನ್ನದ ಲೀ ಯಾಂಗ್. ಅವರು ಮತ್ತು ವಾಂಗ್ ಚಿ-ಲಿನ್ ಪ್ಯಾರಿಸ್‌ನಲ್ಲೂ ಚಿನ್ನ ಗೆದ್ದರು, ಸತತ ಎರಡನೇದು. 2024ರಲ್ಲಿ ಲೀ ನಿವೃತ್ತರಾದರು, ಮರುವರ್ಷ ತೈವಾನ್‌ನ ಕ್ರೀಡಾ ಸಚಿವರಾದರು. ವಾಂಗ್‌ಗೆ ಇನ್ನೂ ಆಡುವ ಆಸೆಯಿತ್ತು. ಎರಡು ಒಲಿಂಪಿಕ್ ಚಿನ್ನ ಮನೆಯಲ್ಲಿಟ್ಟು, ಚಿಯು ಸಿಯಾಂಗ್-ಚಿಯೆ ಎಂಬ ಹೊಸ ಜೊತೆಗಾರನನ್ನು ಕಟ್ಟಿಕೊಂಡು, ರ‍್ಯಾಂಕಿಂಗ್ ಪಟ್ಟಿಯಲ್ಲಿ ಮತ್ತೆ ಕೆಳಗಿನಿಂದ ಹತ್ತತೊಡಗಿದರು.